ವಿದ್ಯಾರ್ಥಿ ವೇತನ: ಪರೀಕ್ಷೆ ಮಕ್ಕಳಿಗೋ, ಪೋಷಕರಿಗೋ?

ಕರಾವಳಿಯ ತಾಲೂಕು ಕೇಂದ್ರವೊಂದರ ಸೈಬರ್ ಸೆಂಟರ್‌ನಲ್ಲಿ ನಾವು ಕಂಡ ದೃಶ್ಯವಿದು. ಬೀಡಿ ಕಟ್ಟಿ ಸಂಸಾರ ನಡೆಸುವ ಓರ್ವ ತಾಯಿ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟುಕೊಂಡು ಬೆಂಚಿನಲ್ಲಿ ಕುಳಿತಿದ್ದರು. ಚೀಲದೊಳಗೆ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಡಿತರ ಚೀಟಿ, ಮನೆಯವರ ಆಧಾರ್ ಕಾರ್ಡುಗಳು, ಆದಾಯ ಪ್ರಮಾಣಪತ್ರ, ಕಾಲೇಜಿನ ಶುಲ್ಕದ ರಶೀದಿ ಮತ್ತು ಬ್ಯಾಂಕಿನ ಪಾಸ್‌ಬುಕ್. ಮಗಳ ವಿದ್ಯಾರ್ಥಿ ವೇತನದ ಅರ್ಜಿಗಾಗಿ ಅದು ಅವರ ಮೂರನೆಯ ಭೇಟಿ. ಮೊದಲ ಬಾರಿ ಬಂದಾಗ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಎರಡನೆಯ ಬಾರಿ ಬಂದಾಗ ಓಟಿಪಿ ಹೋದದ್ದು ಗಲ್ಫಿನಲ್ಲಿರುವ ತಮ್ಮನ ಹಳೆಯ ಸಿಮ್‌ಗೆ. ಮೂರನೆಯ ಬಾರಿ ಇವೆರಡೂ ಸರಿಯಾಗಿದ್ದವು; ಆದರೆ ಹೆಸರು ಹೊಂದಿಕೆಯಾಗುತ್ತಿಲ್ಲ ಎಂದು ಕಂಪ್ಯೂಟರ್ ಹೇಳಿತು. ಅಂಕಪಟ್ಟಿಯಲ್ಲಿ ಮಗಳು ‘ಫಾತಿಮತ್’, ಆಧಾರ್‌ನಲ್ಲಿ ‘ಫಾತಿಮಾ’.

“ಅಕ್ಕಾ, ಇದು ಆಗುವುದಿಲ್ಲ. ಆಧಾರ್ ಸರಿ ಮಾಡಿಸಿಕೊಂಡು ಬನ್ನಿ” ಎಂದ ಅಲ್ಲಿದ್ದ ಯುವಕ. ಆ ತಾಯಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ ಕೇಳಿದರು: “ಅಂದರೆ, ಅವಳು ನನ್ನ ಮಗಳಲ್ಲ ಅಂತ ಹೇಳ್ತಾ ಉಂಟಾ ಅದು?”

ಯುವಕನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲೂ ಇರಲಿಲ್ಲ.

ಆ ಪ್ರಶ್ನೆಯನ್ನು ಒಬ್ಬ ತಾಯಿಯ ಮುಗ್ಧತೆಯೆಂದು ನಕ್ಕು ಮರೆತುಬಿಡಬಹುದು. ಆದರೆ ಪ್ರತಿ ವರ್ಷ ಶಾಲೆ-ಕಾಲೇಜುಗಳು ತೆರೆದ ಕೆಲವು ತಿಂಗಳುಗಳಲ್ಲಿ ರಾಜ್ಯದ ಯಾವುದೇ ಸೈಬರ್ ಸೆಂಟರ್‌ಗೆ, ನಾಡಕಚೇರಿಗೆ ಅಥವಾ ಆಧಾರ್ ಕೇಂದ್ರಕ್ಕೆ ಹೋಗಿ ನೋಡಿ. ಇಂತಹುದೇ ಚೀಲಗಳನ್ನು ಹಿಡಿದ ಪೋಷಕರ ಸಾಲು ಅಲ್ಲಿರುತ್ತದೆ. ಅವರಲ್ಲಿ ಮುಸ್ಲಿಮರಿದ್ದಾರೆ, ದಲಿತರಿದ್ದಾರೆ, ಹಿಂದುಳಿದ ವರ್ಗಗಳವರಿದ್ದಾರೆ. ದಿನಗೂಲಿಯನ್ನು ಬಿಟ್ಟು ಬಂದವರಿದ್ದಾರೆ. ಪರೀಕ್ಷೆ ಬರೆದು ಅಂಕ ಗಳಿಸಿದವರು ಮಕ್ಕಳು. ಆ ಅಂಕಕ್ಕೆ ಸಲ್ಲಬೇಕಾದ ನೆರವನ್ನು ಪಡೆಯಲು ಇನ್ನೊಂದು ಪರೀಕ್ಷೆ ಬರೆಯಬೇಕಾದವರು ಪೋಷಕರು. ಮೊದಲ ಪರೀಕ್ಷೆಗೆ ಪಠ್ಯಪುಸ್ತಕವಿದೆ, ಅಧ್ಯಾಪಕರಿದ್ದಾರೆ. ಎರಡನೆಯದಕ್ಕೆ ಅವೆರಡೂ ಇಲ್ಲ. ಅಷ್ಟಕ್ಕೂ, ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತಲಾಗದ ತಂದೆ-ತಾಯಿಯನ್ನು ಇಂತಹದ್ದೊಂದು ಪರೀಕ್ಷೆಗೆ ಕೂರಿಸಿ, ಅನುತ್ತೀರ್ಣರಾದರೆ ಅದರ ಶಿಕ್ಷೆಯನ್ನು ಮಕ್ಕಳಿಗೆ ಕೊಡುವುದು ಯಾವ ನ್ಯಾಯ?

ಸ್ವಲ್ಪ ಹಿಂದಕ್ಕೆ ಹೋಗೋಣ. ಮುಸ್ಲಿಮರ ಸಾಮಾಜಿಕ, ಆರ್ಥಿಕ ಮತ್ತು ಶೈಕ್ಷಣಿಕ ಸ್ಥಿತಿಗತಿಯ ಅಧ್ಯಯನಕ್ಕಾಗಿ 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜೇಂದ್ರ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿತು. 2001ರ ಜನಗಣತಿಯಂತೆ ದೇಶದ ಒಟ್ಟು ಸಾಕ್ಷರತೆ ಶೇ. 64.8 ಇದ್ದಾಗ ಮುಸ್ಲಿಮರ ಸಾಕ್ಷರತೆ ಶೇ. 59.1 ಆಗಿತ್ತು. ಆ ವರದಿಯ ಬೆನ್ನಿಗೇ 2007 ಮತ್ತು 2008ರಲ್ಲಿ ಅಲ್ಪಸಂಖ್ಯಾತರಿಗಾಗಿ ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ಹಾಗೂ ವೃತ್ತಿಪರ ಶಿಕ್ಷಣದ ಮೆರಿಟ್ ಕಮ್ ಮೀನ್ಸ್ ಎಂಬ ಮೂರು ಕೇಂದ್ರ ವಿದ್ಯಾರ್ಥಿ ವೇತನ ಯೋಜನೆಗಳು ಜಾರಿಗೆ ಬಂದವು. ಈ ಯೋಜನೆಗಳು ಲಕ್ಷಾಂತರ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ನೆರವಾದುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಸತ್ಯವನ್ನು ನಾವು ಗಮನಿಸಬೇಕು. 2001ರಲ್ಲಿ ಶಾಲೆಯಿಂದ ಹೊರಗುಳಿದ ಆ ಮಕ್ಕಳೇ ಇಂದಿನ ಪೋಷಕರು. ಅಂದು ಸ್ಲೇಟು ಸಿಗದವರ ಕೈಗೆ ನಾವಿಂದು ಪಾಸ್‌ವರ್ಡ್ ಕೊಟ್ಟಿದ್ದೇವೆ.

ಆರಂಭದಲ್ಲಿ ಅರ್ಜಿಗಳು ಕಾಗದದಲ್ಲಿದ್ದವು. ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟರೆ ಪೋಷಕರ ಕೆಲಸ ಬಹುತೇಕ ಮುಗಿಯುತ್ತಿತ್ತು. 2015ರಲ್ಲಿ ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲ್ ಬಂತು. ಬಳಿಕ ರಾಜ್ಯ ಸರಕಾರವು ತನ್ನ ಇಲಾಖೆಗಳ ಯೋಜನೆಗಳನ್ನೆಲ್ಲ ಒಂದೆಡೆ ಸೇರಿಸಿ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿ ವೇತನ ಪೋರ್ಟಲ್ ರೂಪಿಸಿತು. ಇದರಿಂದ ಒಳಿತಾಗಿಲ್ಲವೆಂದು ನಾವು ಹೇಳುವುದಿಲ್ಲ. ಕಾಗದದ ಕಾಲದಲ್ಲಿ ಅರ್ಜಿಗಳು ಕಪಾಟಿನಲ್ಲೇ ಕಳೆದುಹೋಗುತ್ತಿದ್ದವು. ಮಧ್ಯವರ್ತಿಗಳು ತಮ್ಮ ಪಾಲನ್ನು ಮುರಿದುಕೊಳ್ಳುತ್ತಿದ್ದರು. ಹಣ ನೇರವಾಗಿ ಖಾತೆಗೆ ಬರುವಂತಾದುದು ಒಳ್ಳೆಯದೇ. ಆದರೆ ಹೊಸ ವ್ಯವಸ್ಥೆಯು ಕಚೇರಿಯ ಕೆಲಸವನ್ನು ಕಡಿಮೆ ಮಾಡಿ ಮನೆಯ ಕೆಲಸವನ್ನು ಹೆಚ್ಚಿಸಿತು. ಮೊದಲು ಗುಮಾಸ್ತರು ಮಾಡುತ್ತಿದ್ದ ದಾಖಲೆ ಹೊಂದಾಣಿಕೆಯನ್ನು ಈಗ ಬೀಡಿ ಕಟ್ಟುವ ತಾಯಿ ಮಾಡಬೇಕಾಗಿದೆ.

ಈ ಗೊಂದಲ ಎಲ್ಲೆಲ್ಲಿ ಹುಟ್ಟುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡೋಣ. ಯಾಕೆಂದರೆ ಎಲ್ಲಿ ಎಡವುತ್ತೇವೆಂದು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ.

ಮೊದಲನೆಯದು ಹೆಸರು. ಈ ವಿಷಯದಲ್ಲಿ ನಮ್ಮ ಸಮುದಾಯಕ್ಕಿರುವಷ್ಟು ತೊಡಕು ಬಹುಶಃ ಇನ್ನಾರಿಗೂ ಇಲ್ಲ. ಒಂದೇ ಮಗು ಜನನ ಪತ್ರದಲ್ಲಿ ಮುಹಮ್ಮದ್, ಶಾಲಾ ದಾಖಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ‘ಎಂ.ಡಿ.’ ಎಂಬ ಎರಡು ಅಕ್ಷರ. ತಾಯಿಯ ಹೆಸರಿನ ಕೊನೆಗೆ ಒಂದು ಕಡೆ ಬೀ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಎರಡೂ ಇಲ್ಲ. ತಂದೆಯ ಮನೆಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ಅರಬಿ ಮೂಲದ ಹೆಸರು ಬ್ಯಾರಿ ಅಥವಾ ಉರ್ದು ಉಚ್ಚಾರದಲ್ಲಿ ಹಾದು, ಕನ್ನಡದಲ್ಲಿ ಬರೆಯಲ್ಪಟ್ಟು, ಇಂಗ್ಲಿಷಿಗೆ ಹೋಗುವಷ್ಟರಲ್ಲಿ ನಾಲ್ಕು ರೂಪ ತಾಳುತ್ತದೆ. ಮನುಷ್ಯರಿಗೆ ಇದು ಒಂದೇ ಹೆಸರು. ಯಂತ್ರಕ್ಕೆ ನಾಲ್ಕು ಬೇರೆ ಬೇರೆ ವ್ಯಕ್ತಿಗಳು. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನು ತಿದ್ದಿಸುವುದಕ್ಕಿಂತ ಆಧಾರ್‌ನ ಹೆಸರನ್ನು ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕ ಬದಲಿಸಲು ಒಂದು ಬಾರಿ ಮಾತ್ರ ಅವಕಾಶವಿದೆ. ಆದ್ದರಿಂದ ಯಾರೋ ಹೇಳಿದರೆಂದು ಅವಸರದಲ್ಲಿ ತಿದ್ದಿಸಿ, ಮತ್ತೆ ತಪ್ಪಾಗಿ, ಇರುವ ಅವಕಾಶವನ್ನೂ ಕಳಕೊಳ್ಳಬಾರದು. ಅಂಕಪಟ್ಟಿಯನ್ನು ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿಯೇ ತಿದ್ದಿಸಬೇಕು. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ನವೀಕರಿಸಬೇಕೆಂಬುದೂ ಅನೇಕ ಪೋಷಕರಿಗೆ ಗೊತ್ತಿಲ್ಲ.

ಎರಡನೆಯದು ಆದಾಯ. ಕೇಂದ್ರದ ಆ ಮೂರು ಯೋಜನೆಗಳು ಜಾರಿಯಾದಾಗಲೇ ಅವುಗಳ ಆದಾಯ ಮಿತಿ ಬೇರೆ ಬೇರೆ ಇತ್ತು. ಮೆಟ್ರಿಕ್ ಪೂರ್ವಕ್ಕೆ ವಾರ್ಷಿಕ 1 ಲಕ್ಷ ರೂಪಾಯಿ, ಮೆಟ್ರಿಕ್ ನಂತರಕ್ಕೆ 2 ಲಕ್ಷ, ಮೆರಿಟ್ ಕಮ್ ಮೀನ್ಸ್‌ಗೆ 2.5 ಲಕ್ಷ. ರಾಜ್ಯದ ಯೋಜನೆಗಳಿಗೆ, ಸಾಲ ಯೋಜನೆಗಳಿಗೆ ಮತ್ತೊಂದು ಮಿತಿ. ಒಂದೇ ಮನೆಯ ಮೂವರು ಮಕ್ಕಳು ಮೂರು ಹಂತಗಳಲ್ಲಿ ಓದುತ್ತಿದ್ದರೆ, ತಂದೆಯ ಒಂದೇ ಆದಾಯವು ಒಬ್ಬರಿಗೆ ಅರ್ಹತೆ, ಇನ್ನೊಬ್ಬರಿಗೆ ಅನರ್ಹತೆ. ನಾಡಕಚೇರಿಯಲ್ಲಿ ಪಡೆದ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಆರಂಭವಾಗುವ ಒಂದು ಸಂಖ್ಯೆಯಿರುತ್ತದೆ. ಎಸ್‌ಎಸ್‌ಪಿ ಕೇಳುವುದು ಆ ಸಂಖ್ಯೆಯನ್ನು. ಪ್ರಮಾಣಪತ್ರಕ್ಕೊಂದು ಅವಧಿಯೂ ಇದೆ. ಕೊನೆಯ ದಿನಾಂಕದ ಹಿಂದಿನ ವಾರ ಅದನ್ನು ತೆರೆದು ನೋಡಿ ಎದೆ ಒಡೆದುಕೊಳ್ಳುವ ಪೋಷಕರು ಎಷ್ಟಿಲ್ಲ?

ಮೂರನೆಯದು ಬ್ಯಾಂಕ್ ಖಾತೆ. ಅತಿ ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತೆಂದು ಪೋಷಕರು ತಿಳಿಯುತ್ತಾರೆ. ಬ್ಯಾಂಕಿನವರೂ ‘ಲಿಂಕ್ ಆಗಿದೆ’ ಎನ್ನುತ್ತಾರೆ. ಆದರೆ ಸರಕಾರದ ಹಣ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಬರುವುದಿಲ್ಲ. ಆಧಾರ್ ಸಂಖ್ಯೆಯನ್ನು ಹುಡುಕಿಕೊಂಡು ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿನಲ್ಲಿದೆ ಎಂಬ ಪಟ್ಟಿಯನ್ನು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮ ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಜೋಡಿಸಿದ್ದು. ಮಗಳು ಬೇರೆ ಯಾವುದೋ ಉದ್ದೇಶಕ್ಕೆ ಇನ್ನೊಂದು ಖಾತೆ ತೆರೆದು ಆಧಾರ್ ಜೋಡಿಸಿದರೆ ವಿದ್ಯಾರ್ಥಿ ವೇತನ ಅಲ್ಲಿಗೆ ಹೋಗುತ್ತದೆ. ಜೋಡಣೆಯೇ ಆಗಿರದಿದ್ದರೆ ಅಥವಾ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ಹಿಂದಕ್ಕೆ ಹೋಗುತ್ತದೆ. ಆಧಾರ್‌ನ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿಯನ್ನು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಮಾಹಿತಿಯ ಕೊರತೆಯಿಂದ ಒಂದು ವರ್ಷದ ನೆರವನ್ನು ಕಳಕೊಂಡ ಮನೆಗಳನ್ನು ನಾವು ಬಲ್ಲೆವು.

ನಾಲ್ಕನೆಯದು ಶಿಕ್ಷಣ ಸಂಸ್ಥೆ. ಅರ್ಜಿ ಸಲ್ಲಿಸಿದೊಡನೆ ಎಲ್ಲ ಮುಗಿಯಿತೆಂದು ಭಾವಿಸುವುದು ಇನ್ನೊಂದು ತಪ್ಪು. ಕೇಂದ್ರದ ಪೋರ್ಟಲ್‌ನಲ್ಲಿ ಮೊದಲು ಶಾಲೆ-ಕಾಲೇಜಿನ ನೋಡಲ್ ಅಧಿಕಾರಿ, ಬಳಿಕ ಜಿಲ್ಲೆ ಅಥವಾ ರಾಜ್ಯ ಮಟ್ಟದ ಅಧಿಕಾರಿ ಅದನ್ನು ಪರಿಶೀಲಿಸಬೇಕು. ರಾಜ್ಯದ ಪೋರ್ಟಲ್‌ನಲ್ಲಿ ಕಾಲೇಜು ಹಂತದ ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು. ಸಂಸ್ಥೆಯವರು ಗಡುವಿನೊಳಗೆ ಆ ಕೆಲಸ ಮಾಡದಿದ್ದರೆ ಮಗುವಿನ ತಪ್ಪಿಲ್ಲದೆಯೇ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಆಗ ಪೋಷಕರು ಕಾಲೇಜಿಗೆ ಹೋದರೆ ‘ಇಲಾಖೆಯಲ್ಲಿ ಕೇಳಿ’ ಎನ್ನುತ್ತಾರೆ. ಇಲಾಖೆಗೆ ಹೋದರೆ ‘ಬ್ಯಾಂಕಿನಲ್ಲಿ ವಿಚಾರಿಸಿ’ ಎನ್ನುತ್ತಾರೆ. ಬ್ಯಾಂಕಿಗೆ ಹೋದರೆ ‘ನಮಗೆ ಹಣವೇ ಬಂದಿಲ್ಲ, ಕಾಲೇಜಿನಲ್ಲಿ ಕೇಳಿ’ ಎನ್ನುತ್ತಾರೆ. ಗಾಣದ ಎತ್ತಿಗೂ ಈ ಪೋಷಕರಿಗೂ ವ್ಯತ್ಯಾಸವೆಂದರೆ, ಎತ್ತು ಸುತ್ತಿದ್ದಕ್ಕೆ ಎಣ್ಣೆಯಾದರೂ ಬರುತ್ತದೆ.

ಸಾಲದ ವಿಷಯಕ್ಕೆ ಬಂದರೆ ಗೊಂದಲ ಇಮ್ಮಡಿಯಾಗುತ್ತದೆ. ವೃತ್ತಿಪರ ಕೋರ್ಸುಗಳಿಗೆ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಿದೆ. ಅದು ಶೇ. 2ರ ಸೇವಾ ಶುಲ್ಕದ ಸಾಲ. ಪ್ರತಿ ವರ್ಷ ನವೀಕರಣಕ್ಕೆ ಅರ್ಜಿ ಹಾಕಬೇಕೆಂಬುದನ್ನು ಮರೆತವರು ಎರಡನೆಯ ವರ್ಷದಲ್ಲಿ ಪರದಾಡುತ್ತಾರೆ. ಇನ್ನು ಬ್ಯಾಂಕುಗಳ ಶಿಕ್ಷಣ ಸಾಲ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲವೆಂಬ ನಿಯಮವಿದ್ದರೂ ಅದು ಎಷ್ಟು ಪೋಷಕರಿಗೆ ಗೊತ್ತಿದೆ? ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗಾಗಿ 2024ರ ನವೆಂಬರ್‌ನಲ್ಲಿ ಕೇಂದ್ರವು ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿದಾಗಲೂ ಆ ಸಂಸ್ಥೆಗಳು ಯಾವುವು, ಬಡ್ಡಿಯಲ್ಲಿ ಯಾರಿಗೆ ಎಷ್ಟು ರಿಯಾಯಿತಿ ಎಂಬುದನ್ನು ಹಳ್ಳಿಯ ಮನೆಗೆ ತಲುಪಿಸಿದವರು ಯಾರು? ಬಡ್ಡಿಯಿಂದ ದೂರವಿರಲು ಬಯಸುವ ಪೋಷಕರ ಇಕ್ಕಟ್ಟು ಇನ್ನೂ ಬೇರೆ. ಅವರಿಗೆ ಬ್ಯಾಂಕಿನ ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಹೋಗದಿದ್ದರೆ ಮಗನ ಸೀಟು ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಸಮಸ್ಯೆ ಸಮಯದ್ದು. ಕಾಲೇಜು ಶುಲ್ಕ ಕೇಳುವುದು ಪ್ರವೇಶದ ದಿನ. ವಿದ್ಯಾರ್ಥಿ ವೇತನ ಬರುವುದು ತಿಂಗಳುಗಳ ಬಳಿಕ, ಕೆಲವೊಮ್ಮೆ ವಾರ್ಷಿಕ ಪರೀಕ್ಷೆಯೂ ಮುಗಿದ ಬಳಿಕ. ಶುಲ್ಕ ಮರುಪಾವತಿ ಎಂಬ ಹೆಸರೇ ಹೇಳುವಂತೆ, ಮೊದಲು ನೀವು ಕಟ್ಟಿರಿ, ಆಮೇಲೆ ನಾವು ಕೊಡುತ್ತೇವೆ ಎಂಬುದು ಅದರ ನೀತಿ. ಮೊದಲು ಕಟ್ಟುವ ಶಕ್ತಿ ಇದ್ದಿದ್ದರೆ ಆ ಪೋಷಕರು ಅರ್ಜಿ ಹಿಡಿದು ಅಲೆಯುತ್ತಿದ್ದರೇ? ಈ ನಡುವಿನ ಅವಧಿಯನ್ನು ತುಂಬುತ್ತಿರುವುದು ಏನೆಂದು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ ಗಿರವಿ ಅಂಗಡಿಗಳ ಮುಂದೆ ನಿಲ್ಲಬೇಕು. ತಾಯಂದಿರ ಕಿವಿಯೋಲೆಗಳು ಅಲ್ಲಿ ಮಕ್ಕಳ ಶುಲ್ಕವಾಗಿ ಕರಗುತ್ತಿರುತ್ತವೆ. ನೆರವು ಕೈಸೇರುವ ಹೊತ್ತಿಗೆ ಅದರ ಒಂದು ಪಾಲು ಗಿರವಿಯ ಬಡ್ಡಿಗೆ ಸಂದಾಯವಾಗಿರುತ್ತದೆ.

ಇದೆಲ್ಲ ದುರುಪಯೋಗವನ್ನು ತಡೆಯಲು ಅನಿವಾರ್ಯ ಎಂಬ ವಾದವಿದೆ. ದುರುಪಯೋಗ ಆಗಿದೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. 2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ 830 ನಕಲಿ ಅಥವಾ ಕಾರ್ಯನಿರ್ವಹಿಸದ ಸಂಸ್ಥೆಗಳೆಂದು ಕಂಡುಬಂತು. 144 ಕೋಟಿ ರೂಪಾಯಿಗೂ ಹೆಚ್ಚಿನ ನಷ್ಟದ ಅಂದಾಜಿನೊಂದಿಗೆ ಪ್ರಕರಣ ಸಿಬಿಐಗೆ ಹೋಯಿತು. ಬಡ ಮಕ್ಕಳ ಹೆಸರಿನಲ್ಲಿ ಹಣ ನುಂಗಿದವರು ಯಾರೇ ಆಗಿರಲಿ, ಯಾವ ಸಮುದಾಯದವರೇ ಆಗಿರಲಿ, ಅವರಿಗೆ ಶಿಕ್ಷೆಯಾಗಲೇಬೇಕು. ಆದರೆ ಈ ಪ್ರಕರಣ ಕಲಿಸುವ ಪಾಠವನ್ನು ಸರಿಯಾಗಿ ಓದಬೇಕು. ಇಲ್ಲದ ಶಾಲೆಯೊಂದು ಇಲ್ಲದ ಮಕ್ಕಳ ಹೆಸರಿನಲ್ಲಿ ಎಲ್ಲ ದಾಖಲೆಗಳನ್ನೂ ಸರಿಹೊಂದಿಸಿ ಹಣ ಪಡೆಯಿತು. ಇರುವ ಮಗುವೊಂದು ಹೆಸರಿನ ಒಂದು ಅಕ್ಷರ ಹೊಂದದ್ದರಿಂದ ಹೊರಗುಳಿಯಿತು. ಅಂದರೆ ವಂಚಕರಿಗೆ ಈ ಕಾಗದದ ಗೋಡೆ ಗೋಡೆಯೇ ಆಗಲಿಲ್ಲ. ಕಾಗದವನ್ನು ಸರಿಯಾಗಿ ಇಟ್ಟುಕೊಳ್ಳುವುದು ಕಳ್ಳನ ಕಸುಬು. ಪ್ರಾಮಾಣಿಕ ತಾಯಿಗೆ ಆ ಕಸುಬು ಗೊತ್ತಿಲ್ಲ.

ಇದರ ನಡುವೆ ಯೋಜನೆಗಳೇ ಬದಲಾಗುತ್ತಿರುವುದು ಪೋಷಕರನ್ನು ಮತ್ತಷ್ಟು ಕಂಗೆಡಿಸಿದೆ. 2022ರ ನವೆಂಬರ್‌ನಲ್ಲಿ ಕೇಂದ್ರವು ಮೆಟ್ರಿಕ್ ಪೂರ್ವ ವಿದ್ಯಾರ್ಥಿ ವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. 8ನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಉಚಿತ ಶಿಕ್ಷಣವಿದೆ ಎಂಬುದು ಅದಕ್ಕೆ ನೀಡಿದ ಕಾರಣ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸುವ ನಿರ್ಧಾರ ಹೊರಬಿತ್ತು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ರಿಯಾಯಿತಿ ನೀಡುತ್ತಿದ್ದ ‘ಪಢೋ ಪರ್‌ದೇಸ್’ ಕೂಡ ನಿಂತಿತು. ಈ ನಿರ್ಧಾರಗಳ ಸರಿ-ತಪ್ಪುಗಳನ್ನು ಇಲ್ಲಿ ಚರ್ಚಿಸುತ್ತಿಲ್ಲ. ಒಂದು ಮಾತನ್ನಂತೂ ಹೇಳಲೇಬೇಕು: 2022ರಲ್ಲಿ ಕೆಳತರಗತಿಗಳ ಮಕ್ಕಳ ಪೋಷಕರಿಗೆ ಆ ಸುದ್ದಿ ತಲುಪಿದ್ದು ಪ್ರಮಾಣಪತ್ರಗಳಿಗಾಗಿ ಅಲೆದು, ಕೂಲಿ ಬಿಟ್ಟು, ಅರ್ಜಿ ಸಲ್ಲಿಸಿ ಆದ ಮೇಲೆ. ಒಂದು ಸರಕಾರ ತನ್ನ ಪ್ರಜೆಗಳಿಂದ ಗಡುವಿನ ಪಾಲನೆಯನ್ನು ಬಯಸುವುದಾದರೆ, ತನ್ನ ಮಾತಿಗೂ ಒಂದು ಗಡುವನ್ನು ಹಾಕಿಕೊಳ್ಳಬೇಡವೇ?

ಸರಕಾರ ಮಾಡಬೇಕಾದುದೇನು? ಜನನ ನೋಂದಣಿ, ಶಾಲಾ ದಾಖಲೆ, ಆಧಾರ್, ಪಡಿತರ, ಆದಾಯ ಎಲ್ಲವೂ ಸರಕಾರದ ಕೈಯಲ್ಲೇ ಇವೆ. ಅವುಗಳಲ್ಲಿ ಒಂದು ಇನ್ನೊಂದಕ್ಕೆ ಹೊಂದದಿದ್ದರೆ ಅದನ್ನು ಹೊಂದಿಸುವ ಹೊಣೆಯೂ ಮುಖ್ಯವಾಗಿ ಸರಕಾರದ್ದೇ ಆಗಬೇಕು. ಹೆಸರಿನ ಸಣ್ಣ ವ್ಯತ್ಯಾಸವಿದ್ದಾಗ ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ದೃಢೀಕರಣವನ್ನು ಒಪ್ಪಿಕೊಳ್ಳಲಿ. ಅರ್ಜಿ ತಿರಸ್ಕೃತವಾದರೆ ಅದಕ್ಕೆ ಕಾರಣವೇನೆಂದು ಸರಳ ಕನ್ನಡದಲ್ಲಿ ತಿಳಿಸಿ, ತಿದ್ದಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಲಿ. ತಾಲೂಕಿಗೊಂದರಂತೆ ಅರ್ಜಿಯ ಅವಧಿಯಲ್ಲಿ ಸಹಾಯ ಕೇಂದ್ರ ತೆರೆದು, ಅಲ್ಲಿ ಶಿಕ್ಷಣ, ಕಂದಾಯ, ಬ್ಯಾಂಕ್ ಮತ್ತು ಆಧಾರ್‌ನವರು ಒಂದೇ ಸೂರಿನಡಿ ಕುಳಿತುಕೊಳ್ಳಲಿ. ಆಧಾರ್ ಕುರಿತ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆಧಾರ್ ಸಂಖ್ಯೆ ಒದಗಿಸಲಾಗದ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದು, ಬೇರೆ ದಾಖಲೆಗಳಿಂದ ಗುರುತು ಖಚಿತಪಡಿಸಿಕೊಳ್ಳಬೇಕು ಎಂದಿದೆ. ಆ ತೀರ್ಪಿನ ಆಶಯ ಪೋರ್ಟಲ್‌ಗಳನ್ನು ರೂಪಿಸುವವರ ಕಿವಿಗೂ ಬೀಳಬೇಕಾಗಿದೆ.

ಪೋಷಕರೂ ತಮ್ಮ ಹಕ್ಕುಗಳನ್ನು ಅರಿಯಬೇಕು. ಆದಾಯ ಪ್ರಮಾಣಪತ್ರದಂತಹ ಸೇವೆಗಳು ರಾಜ್ಯದ ಸಕಾಲ ಕಾಯ್ದೆಯಡಿ ಬರುತ್ತವೆ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ನಿಗದಿತ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಅರ್ಜಿ ಎಲ್ಲಿ ನಿಂತಿದೆ ಎಂದು ಯಾರೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ವರ್ಷಗಟ್ಟಲೆ ಅಲೆದರೂ ಸಿಗದ ಉತ್ತರ ಒಂದು ಪುಟದ ಅರ್ಜಿಯಿಂದ ಸಿಕ್ಕಿದ ಉದಾಹರಣೆಗಳಿವೆ.

ಆದರೆ ಸರಕಾರದ ಕಡೆಗೆ ಬೆರಳು ತೋರಿಸಿ ಸುಮ್ಮನಾಗುವುದು ಪ್ರಾಮಾಣಿಕತೆಯಲ್ಲ. ನಾವೇನು ಮಾಡುತ್ತಿದ್ದೇವೆ? ಪ್ರತಿ ವರ್ಷ ಫಲಿತಾಂಶ ಬಂದೊಡನೆ ನಮ್ಮ ಸಂಘಸಂಸ್ಥೆಗಳು ಸನ್ಮಾನ ಸಮಾರಂಭಗಳನ್ನು ಏರ್ಪಡಿಸುತ್ತವೆ. ರ‍್ಯಾಂಕ್ ಪಡೆದವರಿಗೆ ಶಾಲು, ಸ್ಮರಣಿಕೆ, ಊರಿಡೀ ಫ್ಲೆಕ್ಸ್. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ವೇದಿಕೆಯ ಕೆಳಗೆ ಕುಳಿತ, ಶೇ. 60 ಅಂಕ ಪಡೆದ, ಮುಂದಿನ ಶುಲ್ಕಕ್ಕೆ ದಾರಿಯಿಲ್ಲದ ಹುಡುಗಿಯ ಅರ್ಜಿಯನ್ನು ತುಂಬಿಸಿಕೊಡಲು ನಮ್ಮಲ್ಲಿ ಎಷ್ಟು ಮಂದಿಗೆ ಪುರುಸೊತ್ತಿದೆ? ಮದುವೆಯ ಒಂದು ಹೊತ್ತಿನ ಊಟಕ್ಕೆ ಲಕ್ಷಗಳನ್ನು ಸುರಿಯುವ ಜಮಾಅತ್‌ಗಳಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ಓದಿದ ಇಬ್ಬರು ಯುವಕ-ಯುವತಿಯರಿಗೆ ಬರವೇ?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಯೋಚಿಸುತ್ತಾರೆ. ಅಲ್‌ಬಕರ ಅಧ್ಯಾಯದ ಆ 282ನೆಯ ಸೂಕ್ತ ದಾಖಲೆಯ ಬಗ್ಗೆ ಇದೆ. ಸಾಲದ ವ್ಯವಹಾರವನ್ನು ಬರೆದಿಡುವಂತೆ ಅದು ಆದೇಶಿಸುತ್ತದೆ. ಬರೆಯಬಲ್ಲವನು ಬರೆದುಕೊಡಲು ನಿರಾಕರಿಸಬಾರದೆಂದು ಹೇಳುತ್ತದೆ. ಹೇಳಿ ಬರೆಸುವ ಸಾಮರ್ಥ್ಯವಿಲ್ಲದವನ ಪರವಾಗಿ ಅವನ ಪೋಷಕನು ನ್ಯಾಯಯುತವಾಗಿ ಬರೆಸಬೇಕೆಂದು ಕಲಿಸುತ್ತದೆ. ಸಣ್ಣದಿರಲಿ, ದೊಡ್ಡದಿರಲಿ, ಬರೆದಿಡಲು ಬೇಸರಿಸಬೇಡಿ ಎನ್ನುತ್ತದೆ. ದಾಖಲೆಯ ಶಿಸ್ತನ್ನು ಧರ್ಮದ ಭಾಗವಾಗಿ ಪಡೆದ ಸಮುದಾಯವೊಂದು ಇಂದು ದಾಖಲೆಯ ವಿಷಯದಲ್ಲಿಯೇ ಇಷ್ಟು ಹಿಂದುಳಿದಿರುವುದೇಕೆ ಎಂಬುದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಸೂಕ್ತದ ಸಂದರ್ಭ ಸಾಲದ್ದಿರಬಹುದು. ಆದರೆ ಬರೆಯಲಾರದವನ ಹಕ್ಕು ಬರೆಯಬಲ್ಲವನ ಆಲಸ್ಯದಿಂದ ನಾಶವಾಗಬಾರದು ಎಂಬ ಅದರ ಕಾಳಜಿ ಸೈಬರ್ ಸೆಂಟರ್‌ನ ಬೆಂಚಿನವರೆಗೂ ಬರುತ್ತದೆ.

ಆದ್ದರಿಂದ ಜಮಾಅತ್‌ಗಳ ಮುಂದೆ ನಾವು ಕೆಲವು ಸಲಹೆಗಳನ್ನು ಇಡಬಯಸುತ್ತೇವೆ. ಮೊದಲನೆಯದಾಗಿ, ಪ್ರತಿ ಮೊಹಲ್ಲಾದಲ್ಲೂ ಓದುತ್ತಿರುವ ಮಕ್ಕಳ ಒಂದು ಪಟ್ಟಿ ಇರಲಿ. ಯಾರ ಹೆಸರು ಎಲ್ಲಿ ಹೊಂದುವುದಿಲ್ಲ, ಯಾರ ಆದಾಯ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ, ಯಾರ ಖಾತೆ ಜೋಡಣೆಯಾಗಿಲ್ಲ ಎಂಬುದನ್ನು ಎಪ್ರಿಲ್-ಮೇ ತಿಂಗಳ ರಜೆಯಲ್ಲೇ ನೋಡಿ ಸರಿಪಡಿಸಲಿ. ಎರಡನೆಯದಾಗಿ, ನಿವೃತ್ತ ಅಧ್ಯಾಪಕರು, ಬ್ಯಾಂಕ್ ನೌಕರರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿ ವಾರಕ್ಕೊಂದು ದಿನ ಅರ್ಜಿ ತುಂಬಿಸಿಕೊಡಲು ಕುಳಿತುಕೊಳ್ಳಲಿ. ತಾಯಂದಿರು ಸಂಕೋಚವಿಲ್ಲದೆ ಬರುವಂತೆ ಮಹಿಳೆಯರೂ ಅಲ್ಲಿರಲಿ. ಬಾಗಿಲು ತಟ್ಟುವವರು ಯಾವ ಧರ್ಮದವರೆಂದು ಯಾರೂ ಕೇಳದಿರಲಿ. ಮೂರನೆಯದಾಗಿ, ಇದರಲ್ಲಿ ಅಮಾನತ್ತಿನ ಪ್ರಶ್ನೆಯಿದೆ. ಇನ್ನೊಬ್ಬರ ಆಧಾರ್, ಓಟಿಪಿ, ಪಾಸ್‌ವರ್ಡ್ ಎಂದರೆ ಅವರ ಮನೆಯ ಬೀಗದ ಕೈ. ಕುಟುಂಬದ ಮೊಬೈಲ್ ಸಂಖ್ಯೆಯನ್ನೇ ನಮೂದಿಸಬೇಕು. ಸ್ವಯಂಸೇವಕ ತನ್ನದನ್ನು ಹಾಕಬಾರದು. ಕೆಲಸ ಮುಗಿದೊಡನೆ ಎಲ್ಲ ಕಾಗದಗಳನ್ನೂ ಮರಳಿಸಬೇಕು. ನಾಲ್ಕನೆಯದಾಗಿ, ಪ್ರವೇಶದ ದಿನಕ್ಕೂ ನೆರವು ಬರುವ ದಿನಕ್ಕೂ ನಡುವಿನ ಅಂತರವನ್ನು ತುಂಬಲು ಬೈತುಲ್‌ಮಾಲ್‌ಗಳು ಬಡ್ಡಿರಹಿತ ಸಾಲದ ಒಂದು ಸಣ್ಣ ನಿಧಿಯನ್ನು ತೆಗೆದಿರಿಸಲಿ. ವಿದ್ಯಾರ್ಥಿ ವೇತನ ಬಂದಾಗ ಅದು ಮರಳಿ ಬರುತ್ತದೆ, ಮುಂದಿನ ವರ್ಷ ಇನ್ನೊಂದು ಮಗುವಿಗೆ ಹೋಗುತ್ತದೆ. ಗಿರವಿ ಅಂಗಡಿಗೆ ಹೋಗುವ ಕಿವಿಯೋಲೆಯನ್ನು ತಡೆಯಲು ದೊಡ್ಡ ಬಂಡವಾಳವೇನೂ ಬೇಕಿಲ್ಲ.

ಕೊನೆಯದಾಗಿ ಮಸೀದಿಯ ಖತೀಬರಲ್ಲಿ ಮತ್ತು ಮದ್ರಸದ ಉಸ್ತಾದರಲ್ಲಿ ಒಂದು ವಿನಂತಿ. ಮಗುವಿಗೆ ಹೆಸರಿಡಲು ಜನರು ಮೊದಲು ಬರುವುದು ನಿಮ್ಮ ಬಳಿಗೆ. ಹೆಸರಿನ ಅರ್ಥವನ್ನು ಹೇಳಿಕೊಡುವಾಗ ಅದನ್ನು ಬರೆಯುವ ಒಂದು ಖಚಿತ ರೂಪವನ್ನೂ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಬರೆದುಕೊಡಿ. ಜನನ ಪತ್ರದಿಂದ ಹಿಡಿದು ಪದವಿಯವರೆಗೆ ಅದೊಂದೇ ರೂಪ ಇರಲೆಂದು ತಾಕೀತು ಮಾಡಿ. 2023ರ ಅಕ್ಟೋಬರ್ 1ರ ಬಳಿಕ ಜನಿಸಿದವರಿಗೆ ಶಾಲಾ ಪ್ರವೇಶದಿಂದ ಆಧಾರ್‌ವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ ಎಂದು ಕಾನೂನು ತಿದ್ದುಪಡಿಯಾಗಿದೆ. ಹಾಗಾಗಿ ಇಂದು ತೊಟ್ಟಿಲಲ್ಲಿರುವ ಮಗುವಿನ ಹೆಸರಿನಲ್ಲಿ ಆಗುವ ಒಂದು ಅಕ್ಷರದ ತಪ್ಪು ಹದಿನಾರು ವರ್ಷಗಳ ಬಳಿಕ ಅದರ ತಾಯಿಯನ್ನು ಸೈಬರ್ ಸೆಂಟರ್‌ನ ಬೆಂಚಿನಲ್ಲಿ ಕೂರಿಸಬಹುದು.

ಆ ದಿನ ಆ ತಾಯಿ ಅರ್ಜಿ ಸಲ್ಲಿಸದೆಯೇ ಮರಳಿದರು. ಆಧಾರ್ ತಿದ್ದುಪಡಿಯಾಗಿ ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿತ್ತು. ಮಗಳು ಓದು ಬಿಡಲಿಲ್ಲ. ಶುಲ್ಕಕ್ಕೆ ದಾರಿ ಹೇಗಾಯಿತೆಂದು ನಾವು ಕೇಳಿದಾಗ ಅವರು ಉತ್ತರಿಸದೆ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡರು. ಸೆರಗಿನ ಅಂಚಿನಲ್ಲಿ ಕಿವಿ ಬರಿದಾಗಿತ್ತು. ಈ ವರ್ಷದ ಅರ್ಜಿಗೆ ಹೆಸರು ಹೊಂದುತ್ತದೆ, ಖಾತೆ ಜೋಡಣೆಯಾಗಿದೆ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆ. ಅದೇ ಊರಿನ ಇಬ್ಬರು ಕಾಲೇಜು ಹುಡುಗಿಯರು ಅವರ ಮನೆಗೇ ಹೋಗಿ ಎಲ್ಲವನ್ನೂ ಪರಿಶೀಲಿಸಿದ್ದಾರೆ. ಆ ಹುಡುಗಿಯರಿಗೆ ಇದಕ್ಕೆ ಹಿಡಿದದ್ದು ಒಂದು ಸಂಜೆ.

ನಿಮ್ಮ ಮೊಹಲ್ಲಾದಲ್ಲೂ ಅಂತಹ ಚೀಲಗಳನ್ನು ಹಿಡಿದ ತಾಯಂದಿರಿದ್ದಾರೆ. ಬರೆಯಬಲ್ಲವರೂ ಇದ್ದಾರೆ. ಇವರಿಬ್ಬರನ್ನು ಭೇಟಿ ಮಾಡಿಸಲು ನಾವು ಯಾರ ಆದೇಶಕ್ಕಾಗಿ ಕಾಯುತ್ತಿದ್ದೇವೆ?